ಬಿಡುವನ್ನು ಎಣಿಸಿದ ಪ್ರೋಗ್ರಾಮು

ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ ಎಂದು ನನ್ನನ್ನು ಬಲ್ಲವರೆಲ್ಲ ಹೇಳುತ್ತಾರೆ. ಹೇಳಲಿ, ಬೇಜಾರಿಲ್ಲ. ಆ ಸಿಟ್ಟಿನಿಂದ ಕೆಟ್ಟ ಕೆಲಸಗಳು ಎಷ್ಟೋ ಇವೆ, ಆದರೆ ಒಂದು ಸಲ ಅದರಿಂದ ಒಳ್ಳೆಯದೂ ಆಗಿದೆ. ಅದನ್ನು ನೆನೆಸಿಕೊಂಡರೆ ಈಗಲೂ ಕುಳಿತಲ್ಲಿ ಕೂರಲಾಗುವುದಿಲ್ಲ, ಎದ್ದು ಎರಡು ಸುತ್ತು ತಿರುಗಾಡಿ ಬರಬೇಕು ಅನ್ನಿಸುತ್ತದೆ.

ಎರಡು ಸಾವಿರದ ಇಸವಿ ದಾಟಿ ಒಂದೆರಡು ವರ್ಷವಾಗಿತ್ತು. ನಾನು ದಿನಾ ಕೋಲಸಿರ್ಸಿಯಿಂದ ಸಿದ್ದಾಪುರಕ್ಕೆ ಬಂದು, ಅಲ್ಲಿ ಬಸ್ಸು ಹಿಡಿದು ಶಿರಸಿಗೆ ಹೋಗಿ ಒಂದು ಕಂಪ್ಯೂಟರ್ ತರಬೇತಿ ಕೇಂದ್ರದಲ್ಲಿ ಪಾಠ ಮಾಡುತ್ತಿದ್ದೆ. ಅಲ್ಲಿ ನನ್ನ ಜೊತೆಗಿದ್ದವಳು ಬನವಾಸಿ ಕಡೆಯ ಹುಡುಗಿ. ಮನೆಯಲ್ಲಿ ತಲೆಮಾರಿನಿಂದ ಅಂಗಡಿ ವ್ಯಾಪಾರ. ನನಗಿಂತ ಎರಡು ವರ್ಷ ಚಿಕ್ಕವಳು, ಬುದ್ಧಿಯಲ್ಲಿ ನನಗಿಂತ ನಾಲ್ಕು ಹೆಜ್ಜೆ ಮುಂದೆ. ಮಾತು ಮಾತ್ರ ಬಹಳ ಕಮ್ಮಿ. ತರಗತಿಯಲ್ಲಿ ಹಿಂದಿನ ಬೆಂಚಿನವರಿಗೆ ಕೇಳಿಸಲಿ ಅಂತಲೂ ಧ್ವನಿ ಏರಿಸುತ್ತಿರಲಿಲ್ಲ, ಬದಲಿಗೆ ಹಿಂದಿನ ಬೆಂಚಿನವರನ್ನೇ ಮುಂದೆ ಕರೆದು ಕೂರಿಸುತ್ತಿದ್ದಳು.

ಈ ಹುಡುಗಿಗೆ ಶಿರಸಿಯ ಒಂದು ಅಡಿಕೆ ಸೊಸೈಟಿಯವರು ಟೆಂಡರ್ ಪ್ರೋಗ್ರಾಮು ಬರೆಯುವ ಕೆಲಸ ಒಪ್ಪಿಸಿದ್ದರು. ಹೊರಗಿನ ಕಂಪನಿಗಳನ್ನು ಬಿಟ್ಟು ಊರಿನ ಹುಡುಗಿಗೆ ಕೊಟ್ಟರು ಎಂಬುದೇ ಆಗ ದೊಡ್ಡ ಸುದ್ದಿ. ಪಾಠ ಮುಗಿಸಿಕೊಂಡು ಒಂದಿಡೀ ವರ್ಷ ಅದರಲ್ಲೇ ಮುಳುಗಿದ್ದಳು. ಇದು ಸರಿಯಾಗಿ ನಡೆದರೆ ಕೇಂದ್ರದ ಕೆಲಸ ಬಿಟ್ಟು ಸ್ವಂತದ್ದೊಂದು ಕೋಣೆ ಮಾಡಿ, ಬಾಗಿಲಿಗೆ ತನ್ನದೇ ಬೋರ್ಡು ಹಾಕಿ ಕೂರುವುದು ಅವಳ ಆಸೆ. ಬೋರ್ಡಿಗೆ ಯಾವ ಬಣ್ಣ ಎಂದು ನಾವಿಬ್ಬರೂ ಜಗಳವಾಡಿದ್ದೂ ಆಗಿತ್ತು.

ಟೆಂಡರ್ ನೋಡದವರಿಗೆ ಒಂದು ಮಾತು ಹೇಳಬೇಕು. ಬೆಳೆಗಾರರು ತಂದ ಅಡಿಕೆಯನ್ನು ದೊಡ್ಡ ಹಾಲಿನಲ್ಲಿ ಗುಪ್ಪೆ ಗುಪ್ಪೆಯಾಗಿ ಸುರಿದು ಪ್ರತಿ ಗುಪ್ಪೆಗೂ ಒಂದು ನಂಬರು ಇಡುತ್ತಾರೆ. ವ್ಯಾಪಾರಿಗಳು ನಡುವೆ ಓಡಾಡಿ, ಒಂದೊಂದು ಅಡಿಕೆ ಎತ್ತಿ ಒಡೆದು ನೋಡಿ, ತಮ್ಮ ದರವನ್ನು ಚೀಟಿಯಲ್ಲಿ ಬರೆದು ಡಬ್ಬಿಗೆ ಹಾಕಬೇಕು. ಆದರೆ ಗಂಟೆ ಹೊಡೆಯಲು ಇನ್ನೇನು ಎರಡು ನಿಮಿಷ ಎನ್ನುವವರೆಗೆ ಒಬ್ಬನೂ ಚೀಟಿ ಹಾಕುವುದಿಲ್ಲ. ಮೊದಲೇ ಹಾಕಿದರೆ ತನ್ನ ಮುಖ ನೋಡಿಯೇ ಪಕ್ಕದವನು ದರ ಊಹಿಸಿಬಿಟ್ಟಾನು ಎಂದು ಎಲ್ಲರಿಗೂ ಅನುಮಾನ. ಹಾಗಾಗಿ ಎಲ್ಲ ಚೀಟಿಗಳೂ ಒಟ್ಟಿಗೇ ಬಂದು ಬೀಳುತ್ತವೆ. ಗಂಟೆ ಹೊಡೆದದ್ದೇ ಡಬ್ಬಿ ಒಡೆದು, ಚೀಟಿಗಳನ್ನು ಹತ್ತು ಜನ ಗುಮಾಸ್ತರಿಗೆ ಹಂಚಿ, ಹತ್ತೂ ಜನ ಹತ್ತು ಕಂಪ್ಯೂಟರಿನಲ್ಲಿ ಒಮ್ಮೆಲೇ ಟೈಪು ಮಾಡಲು ಶುರುಮಾಡುತ್ತಿದ್ದರು. ಆ ಹತ್ತೂ ಹಳೆಯ ಯಂತ್ರಗಳು. ಅವುಗಳಿಗೆ ಸ್ವಂತ ಹಾರ್ಡ್ ಡಿಸ್ಕೂ ಇರಲಿಲ್ಲ. ಪರದೆಯ ಮೇಲೆ ಮೂಡುವ ಒಂದೊಂದು ಅಕ್ಷರವೂ ಕೇಬಲ್ಲಿನಲ್ಲಿ ಸರ್ವರಿಗೆ ಹೋಗಿ, ಅಲ್ಲಿಂದ ವಾಪಸ್ ಬರಬೇಕಿತ್ತು.

ಮೊದಮೊದಲು ಎರಡು ಮೂರು ಯಂತ್ರ ಇದ್ದಾಗ ಎಲ್ಲ ಚೆಂದವಾಗಿಯೇ ನಡೆಯಿತು. ಹತ್ತೂ ಕೂಡಿದ ಮೇಲೆ ಶುರುವಾಯಿತು ಗ್ರಹಚಾರ. ಕೀಲಿ ಒತ್ತಿದರೆ ಅಕ್ಷರ ಬರುವುದಿಲ್ಲ, ಬಂದರೆ ಒಟ್ಟಿಗೇ ಆರು ಬರುತ್ತವೆ. ಗುಮಾಸ್ತರು ತಲೆ ಮೇಲೆ ಕೈಹೊತ್ತು ಕೂರುತ್ತಿದ್ದರು. ಫಲಿತಾಂಶ ತಡವಾಗಿ, ಯಲ್ಲಾಪುರ ಕಡೆಯ ಬೆಳೆಗಾರರಿಗೆ ಬಸ್ಸು ತಪ್ಪಿ, ಅವರು ಸೊಸೈಟಿಯ ಮ್ಯಾನೇಜರರ ಮೇಲೆ ರೇಗಿ, ಮ್ಯಾನೇಜರರು ನನ್ನ ಗೆಳತಿಯ ಕಡೆ ನೋಡುತ್ತಿದ್ದರು. ಅವರು ಬೈಯುವ ಜನ ಅಲ್ಲ. ಸುಮ್ಮನೆ ನೋಡುತ್ತಿದ್ದರು, ಇವಳಿಗೆ ಅದೇ ಹೆಚ್ಚು ನೋವು.

ಕಂಪ್ಯೂಟರುಗಳನ್ನು ಸರಬರಾಜು ಮಾಡಿದ್ದ ಹುಬ್ಬಳ್ಳಿಯ ಕಂಪನಿಯಿಂದ ಒಬ್ಬ ಇಂಜಿನಿಯರ್ ಬಂದ. ಮುಂದಿನ ಟೆಂಡರ್ ದಿನ ಸರ್ವರಿನ ಮುಂದೆ ಕೂತು, ಪ್ರೊಸೆಸರ್ ಎಷ್ಟು ದುಡಿಯುತ್ತಿದೆ ಎಂದು ತೋರಿಸುವ ಮೀಟರನ್ನು ಪರದೆಯ ಮೇಲೆ ತೆರೆದಿಟ್ಟ. ಹತ್ತೂ ಜನ ಟೈಪು ಮಾಡುತ್ತಿದ್ದಾರೆ, ಹತ್ತೂ ಪರದೆ ಗರ ಬಡಿದ ಹಾಗೆ ನಿಂತಿವೆ, ಮೀಟರು ಮಾತ್ರ ನೂರಕ್ಕೆ ಏಳೋ ಎಂಟೋ ಎನ್ನುತ್ತಿದೆ!

"ನೋಡ್ರಿ ಸರ್, ನಮ್ ಮಶೀನು ನಿದ್ದಿ ಮಾಡಾಕತ್ತೈತಿ," ಎಂದ ಅವನು. "ಕೆಲಸ ಕೊಟ್ರ ಮಾಡ್ತೈತಿ. ಪ್ರೋಗ್ರಾಮ್ ಕೊಡವಲ್ದು. ಎಲ್ಲೋ ಸಿಕ್ಕೊಂಡೈತಿ ಅದು."

ಮೀಟರಿನ ಎದುರು ಯಾರು ಏನು ಮಾತಾಡಿಯಾರು? ಮ್ಯಾನೇಜರರು ಕನ್ನಡಕ ಒರೆಸಿಕೊಂಡು ಹೇಳಿದರು: "ತಂಗೀ, ಬಪ್ಪ ಸೋಮವಾರದ ಟೆಂಡರೂ ಹಿಂಗೇ ಆದ್ರೆ ಯನ್ನ ಕೈಲಿ ಆಗ್ತಿಲ್ಲೆ. ಹುಬ್ಬಳ್ಳಿಯವರ ಹತ್ರ ಬೇರೆ ಪ್ರೋಗ್ರಾಮ್ ಇದ್ದಡ, ಅದನ್ನೇ ಹಾಕ್ಸವು."

ಅಂದರೆ ಒಂದು ವರ್ಷದ ಕೆಲಸ ಕಸದ ಬುಟ್ಟಿಗೆ. ಅಷ್ಟೇ ಅಲ್ಲ, ಶಿರಸಿ ಎಷ್ಟು ದೊಡ್ಡ ಊರು? ಆ ಹುಡುಗಿ ಬರೆದ ಪ್ರೋಗ್ರಾಮು ಕೈಕೊಟ್ಟಿತಂತೆ ಎಂದು ಒಬ್ಬ ಅಂದರೆ ಸಂಜೆಯೊಳಗೆ ಪೇಟೆಗೆಲ್ಲ ಗೊತ್ತಾಗುತ್ತದೆ. ಆಮೇಲೆ ಅವಳ ಬೋರ್ಡು ನೋಡಿ ಯಾರು ಒಳಗೆ ಬರುತ್ತಾರೆ?

ಮರುದಿನ ಕೇಂದ್ರದಲ್ಲಿ ಅವಳು ನನಗೆ ಇದೆಲ್ಲ ಹೇಳಿದ್ದು ಪಾಠದ ನಡುವಿನ ಬಿಡುವಿನಲ್ಲಿ, ಕರಿಹಲಗೆ ಒರೆಸುತ್ತ, ನನ್ನ ಕಡೆ ತಿರುಗದೆ. "ನಂದ ತಪ್ಪ ಇರಬೇಕು ಬಿಡು ಅಕ್ಕಾ. ಹತ್ತ ಸಲ ತಿದ್ದೇನಿ. ಮತ್ತೇನ್ ತಿದ್ಬೇಕು ತಿಳಿವಲ್ದು."

ನನಗೆ ಎಲ್ಲಿತ್ತೋ ಸಿಟ್ಟು! ಇಂಜಿನಿಯರನ ಮೇಲಲ್ಲ, ಅವಳ ಮೇಲೂ ಅಲ್ಲ, ಆ ಮೀಟರಿನ ಮೇಲೆ. ಪರದೆಗಳು ಸಾಯುತ್ತಿರುವಾಗ ಏಳು ಎಂಟು ಎನ್ನಲು ಅದಕ್ಕೆ ನಾಚಿಕೆಯಾಗುವುದಿಲ್ಲವೆ? "ಮೀಟರೇ ಸುಳ್ಳು ಹೇಳ್ತಾ ಇದ್ದರೆ?" ಎಂದು ಕೇಳಿದೆ. ಅವಳು ನನ್ನನ್ನು ಹುಚ್ಚಿಯನ್ನು ನೋಡುವ ಹಾಗೆ ನೋಡಿದಳು. ನಾನೂ ಬಾಯಿಗೆ ಬಂದದ್ದು ಅಂದುಬಿಟ್ಟಿದ್ದೆ, ಆಧಾರ ಏನೂ ಇರಲಿಲ್ಲ. ಆದರೆ ಅಂದಮೇಲೆ ಹಿಂದೆ ಸರಿಯುವ ಜಾಯಮಾನ ನನ್ನದಲ್ಲ.

ಕೇಂದ್ರದಲ್ಲಿ ಟೆಲಿಫೋನಿನ ಮೇಲೆ ಬರುವ ಇಂಟರ್ನೆಟ್ ಇತ್ತು. ಕಿರ್ರೋ ಎಂದು ಕೂಗಿ, ಎರಡು ಸಲ ಕಡಿದು, ಮೂರನೇ ಸಲಕ್ಕೆ ಹತ್ತುತ್ತಿತ್ತು. ಒಂದು ಪುಟ ತೆರೆಯುವುದರೊಳಗೆ ಕೈಕಾಲು ತೊಳೆದು ಊಟ ಮುಗಿಸಬಹುದು. ನೆಟ್‌ವರ್ಕಿನ ಪರೀಕ್ಷೆ ಮಾಡುವಾಗ ಪ್ರೊಸೆಸರಿನ ದುಡಿತವನ್ನು ಸರಿಯಾಗಿ ಅಳೆಯುವುದು ಹೇಗೆ ಎಂದು ಹುಡುಕುತ್ತ ಹೋದೆ. ಎಷ್ಟೋ ಪುಟಗಳಾದ ಮೇಲೆ ಯಾವ ದೇಶದವನೋ ಪುಣ್ಯಾತ್ಮ ಬರೆದ ನಾಲ್ಕು ಸಾಲು ಸಿಕ್ಕಿತು. ಓದುತ್ತ ಓದುತ್ತ ನನ್ನ ಕಿವಿ ಬಿಸಿಯಾಯಿತು. ಕೂತಲ್ಲಿಂದಲೇ ಗೆಳತಿಯನ್ನು ಕೂಗಿದೆ. ಅವಳು ಪಾಠ ಅರ್ಧಕ್ಕೆ ಬಿಟ್ಟು ಓಡಿ ಬಂದಳು, ಅವಳ ಹಿಂದೆ ವಿದ್ಯಾರ್ಥಿನಿಯರೂ ಓಡಿ ಬಂದರು.

ವಿಷಯ ಇಷ್ಟು. ಮೀಟರು ಪ್ರೊಸೆಸರನ್ನು ಸದಾ ನೋಡುತ್ತ ಕೂರುವುದಿಲ್ಲ. ಸೆಕೆಂಡಿಗೆ ನೂರು ಸಲ ಸುಮ್ಮನೆ ಇಣುಕುತ್ತದೆ. ಇಣುಕಿದಾಗ ಯಾವ ಪ್ರೋಗ್ರಾಮು ನಡೆಯುತ್ತಿದೆಯೋ ಅದರ ಲೆಕ್ಕಕ್ಕೆ ಬರೆದುಕೊಳ್ಳುತ್ತದೆ, ಯಾವುದೂ ಇಲ್ಲದಿದ್ದರೆ ಬಿಡುವು ಎಂದು ಬರೆದುಕೊಳ್ಳುತ್ತದೆ. ಆದರೆ ಕೇಬಲ್ಲಿನಲ್ಲಿ ಬಂದದ್ದನ್ನು ಸರ್ವರಿಗೆ ಮುಟ್ಟಿಸುವ ನೆಟ್‌ವರ್ಕ್ ಕಾರ್ಡಿನ ಕೆಲಸ ಹಾಗಲ್ಲ. ಅದು ಪ್ರೊಸೆಸರಿನ ಭುಜ ತಟ್ಟಿ ಕರೆಯುತ್ತದೆ, ಕ್ಷಣಾರ್ಧದಲ್ಲಿ ಕೆಲಸ ಮಾಡಿಸಿಕೊಂಡು ಬಿಡುತ್ತದೆ, ಮತ್ತೆ ತಟ್ಟುತ್ತದೆ. ಎರಡು ಇಣುಕುಗಳ ನಡುವೆ ಹೀಗೆ ಎಷ್ಟು ಸಲ ಕರೆದರೂ ಮೀಟರಿಗೆ ಗೊತ್ತೇ ಆಗುವುದಿಲ್ಲ. ಹಾಗಾದರೆ ಅಳೆಯುವುದು ಹೇಗೆ? ದುಡಿತವನ್ನು ಅಳೆಯುವುದೇ ಬೇಡ, ಬಿಡುವನ್ನು ಅಳೆ ಎಂದು ಆ ಪುಣ್ಯಾತ್ಮ ಬರೆದಿದ್ದ. ಒಂದು ಕೆಲಸಕ್ಕೆ ಬಾರದ ಪ್ರೋಗ್ರಾಮು ಬರಿ. ಅದು ಸುಮ್ಮನೆ ಒಂದು ಎರಡು ಮೂರು ಎಂದು ಎಣಿಸುತ್ತಿರಲಿ. ಎಲ್ಲರ ಕೆಲಸ ಮುಗಿದು ಉಳಿದ ಹೊತ್ತು ಮಾತ್ರ ಅದಕ್ಕೆ ಸಿಗಲಿ. ಮೊದಲು ಏನೂ ಕೆಲಸವಿಲ್ಲದಾಗ ಸೆಕೆಂಡಿಗೆ ಎಲ್ಲಿಯವರೆಗೆ ಎಣಿಸುತ್ತದೆ ನೋಡಿಕೋ. ಆಮೇಲೆ ನೆಟ್‌ವರ್ಕಿನ ಭರಾಟೆಯಲ್ಲಿ ಎಷ್ಟು ಎಣಿಸುತ್ತದೆ ನೋಡು. ಕಮ್ಮಿಯಾದದ್ದೆಷ್ಟೋ ಅಷ್ಟು ಹೊತ್ತನ್ನು ಬೇರೆ ಯಾರೋ ತಿಂದಿದ್ದಾರೆ.

"ಅಕ್ಕಾ, ಇದು ಊಟದ ಮನಿ ಲೆಕ್ಕ," ಎಂದಳು ಗೆಳತಿ. ಅವಳ ಕಣ್ಣು ಆಗಲೇ ಮಿನುಗುತ್ತಿತ್ತು. "ಎಷ್ಟ ಮಂದಿ ಉಂಡ್ರು ಅಂತ ಎಣಸೂದ್ಯಾಕ? ಪಾತ್ರ್ಯಾಗ ಎಷ್ಟ ಉಳದೈತಿ ನೋಡಿದ್ರಾತು."

ಎಣಿಸುವ ಪ್ರೋಗ್ರಾಮನ್ನು ನಾವಿಬ್ಬರೂ ಅಲ್ಲೇ ಕೂತು ಬರೆದೆವು. ನಿಜ ಹೇಳಬೇಕೆಂದರೆ ಅವಳು ಬರೆದಳು, ನಾನು ಪಕ್ಕದಲ್ಲಿ ಕೂತು ಬೇಗ ಬೇಗ ಎಂದೆ.

ಮ್ಯಾನೇಜರರ ಹತ್ತಿರ ಪರೀಕ್ಷೆಗೆ ಅನುಮತಿ ಕೇಳಲು ಇಬ್ಬರೂ ಹೋದೆವು. ಅವಳು ನನ್ನ ಬೆನ್ನ ಹಿಂದೆ. ಮೀಟರು ಸುಳ್ಳು ಹೇಳುತ್ತದೆ ಎಂದು ನಾನು ಅಂದದ್ದೇ ಅವರು ಹುಬ್ಬೇರಿಸಿದರು. ನಾನು ಬಿಡಲಿಲ್ಲ. "ಸರ್, ನೀವು ದಿನಾ ಹನ್ನೊಂದು ಗಂಟೆಗೆ ಗೋದಾಮಿಗೆ ಹೋಗಿ ಇಣುಕ್ತ್ರಿ. ಆ ಹೊತ್ತಿಗೆ ಹಮಾಲರು ಬೀಡಿ ಸೇದ್ತಾ ಕೂತಿರ್ತ. ಹಂಗಂತ ಅವರು ದಿನಾಪೂರ್ತಿ ಬೀಡಿ ಸೇದ್ತಾ ಇದ್ದ ಹೇಳಿ ಲೆಕ್ಕವಾ?"

ಅವರು ಹೊಟ್ಟೆ ಅಲುಗಿಸಿ ನಕ್ಕುಬಿಟ್ಟರು. "ಹಂಗಾದ್ರೆ ಹನ್ನೊಂದೂವರೆಗೂ ಒಂದ್ಸಲ ಹೋಗಿ ನೋಡವು," ಎಂದರು. ಹುಬ್ಬಳ್ಳಿಗೆ ಫೋನು ಮಾಡಿ ಇಂಜಿನಿಯರನನ್ನೂ ಕರೆಸಿದರು. ನಾವು ಮಾಡುವುದು ಅವನ ಎದುರೇ ಆಗಬೇಕು ಎನ್ನುವುದು ಅವರ ಕರಾರು.

ಟೆಂಡರ್ ಇಲ್ಲದ ಒಂದು ದಿನ ಪರೀಕ್ಷೆ. ಹತ್ತು ಜನ ಒಟ್ಟಿಗೇ ಟೈಪು ಮಾಡದಿದ್ದರೆ ಭರಾಟೆ ಹುಟ್ಟುವುದಿಲ್ಲವಲ್ಲ, ಹಾಗಾಗಿ ನಮ್ಮ ಕೇಂದ್ರದ ವಿದ್ಯಾರ್ಥಿನಿಯರನ್ನು ಕರೆದುಕೊಂಡು ಹೋದೆವು. ಅಡಿಕೆ ಸೊಸೈಟಿಯ ಕಂಪ್ಯೂಟರ್ ಕೋಣೆಗೆ ಮದುವೆಮನೆಯ ಕಳೆ ಬಂತು. ಸುಮ್ಮನೆ ಯಾವುದಾದರೂ ದರ ಹೊಡೆಯಿರಿ ಎಂದು ನಾನು ಹೇಳಿದ್ದೇ ತಪ್ಪಾಯಿತು. ಒಬ್ಬಳು ಅಗ್ಗದ ಕೆಂಪುಗೋಟು ಅಡಿಕೆಗೆ ಬಂಗಾರದ ದರ ಹಾಕಿದರೆ ಇನ್ನೊಬ್ಬಳು ದುಬಾರಿಯ ರಾಶಿ ಜಾತಿಗೆ ಕಡಲೆಕಾಯಿ ದರ ಹಾಕಿ ಕಿಸಕ್ಕನೆ ನಕ್ಕಳು. ಮ್ಯಾನೇಜರರು ಆ ಪರದೆಯನ್ನು ನೋಡಿ ಎದೆ ಹಿಡಿದುಕೊಂಡರು.

ಅದಕ್ಕೂ ಮುಂಚೆ, ಏನೂ ಕೆಲಸವಿಲ್ಲದಾಗ ಎಣಿಕೆ ಎಷ್ಟು ಎಂದು ನೋಡಿಕೊಂಡಿದ್ದೆವು. ಸರ್ವರನ್ನು ಯಾರೂ ಮುಟ್ಟಬಾರದು ಎಂದು ಎಲ್ಲರನ್ನೂ ದೂರ ನಿಲ್ಲಿಸಿದ್ದೆ. ಕೋಣೆ ಗಪ್‌ಚಿಪ್. ಒಂದೆರಡು ನಿಮಿಷವಾದ ಮೇಲೆ, ಯಾರೂ ಮುಟ್ಟದೆ ಬಿಟ್ಟಾಗ ಎಂದಿನಂತೆ, ಸರ್ವರಿನ ಪರದೆಯ ಮೇಲೆ ಗಣಪತಿ ಮೂಡಿ ಬಂದ. ಅವನ ಸುತ್ತ ಆರತಿ ನಿಧಾನವಾಗಿ ತಿರುಗತೊಡಗಿತು. ಅದನ್ನು ಮಾಡಿದವಳೂ ನನ್ನ ಗೆಳತಿಯೇ. ಸರ್ವರಿನ ಪೂಜೆಯ ದಿನ ಮ್ಯಾನೇಜರರು ಆಸೆಪಟ್ಟು ಹೇಳಿ ಮಾಡಿಸಿದ್ದರು. ಇಂಥ ಹೊತ್ತಿಗೆ ಅವನು ದರ್ಶನ ಕೊಟ್ಟನಲ್ಲ ಎಂದು ನಮಗೆಲ್ಲ ಧೈರ್ಯ ಬಂತು. ಮ್ಯಾನೇಜರರು ಕೈಮುಗಿದರು, ಹುಡುಗಿಯರು ಕೈಮುಗಿದರು, ಇಂಜಿನಿಯರನೂ ಮುಗಿದ. ನಾನೂ ಮುಗಿದೆ. ಎಣಿಕೆ ಬರೆದುಕೊಂಡದ್ದಾಯಿತು.

ಆಮೇಲೆ ಹುಡುಗಿಯರು ಟೈಪು ಮಾಡಿದರು, ಪರದೆಗಳು ಟೆಂಡರ್ ದಿನದ ಹಾಗೆಯೇ ನಿಂತವು, ನನ್ನ ಗೆಳತಿ ಸರ್ವರಿನ ಮುಂದೆ ಕೂತು ಎಣಿಕೆ ತೆರೆದಳು.

ಎಣಿಕೆ ಕಮ್ಮಿಯಾಗಿರಲಿಲ್ಲ. ಮೊದಲಿಗಿಂತ ಜಾಸ್ತಿಯಾಗಿತ್ತು! ಲೆಕ್ಕ ಹಾಕಿದರೆ ಪ್ರೊಸೆಸರಿನ ದುಡಿತ ಸೊನ್ನೆಗಿಂತ ಕೆಳಗೆ ಬರುತ್ತಿತ್ತು.

"ದುಡದಷ್ಟೂ ಬಿಡುವು ಜಾಸ್ತಿ ಆಗ್ತನೇ ತಂಗಿ?" ಎಂದರು ಮ್ಯಾನೇಜರರು. "ಆ ನಮ್ನಿ ಕೆಲಸ ಇದ್ರೆ ಯಂಗೂ ಒಂದು ಬೇಕಾಗಿತ್ತು."

ಹುಡುಗಿಯರು ನಕ್ಕರು. ಇಂಜಿನಿಯರ್ ನಗಲಿಲ್ಲ, ಮರ್ಯಾದಸ್ಥ, ಆದರೆ ತನ್ನ ಚೀಲದ ಜಿಪ್ಪು ಎಳೆಯತೊಡಗಿದ. ನನ್ನ ಗೆಳತಿ ಅದೇ ಲೆಕ್ಕವನ್ನು ಮತ್ತೆ ಮತ್ತೆ ಹಾಕುತ್ತಿದ್ದಳು. ಅದನ್ನು ನೋಡಲಾಗದೆ ನಾನು ಅವಳ ಕೈ ಹಿಡಿದು ಎಬ್ಬಿಸಿ, ಬಾಗಿಲು ತಳ್ಳಿ ಹೊರಗಿನ ಪಡಸಾಲೆಗೆ ಕರೆದುಕೊಂಡು ಬಂದೆ. ನನಗೆ ಯಾರನ್ನಾದರೂ ಬೈಯಬೇಕಿತ್ತು, ಬೈಯಲು ಯಾರೂ ಇರಲಿಲ್ಲ. ಆ ಪುಣ್ಯಾತ್ಮನನ್ನೇ ಬೈದೆ. ಅಷ್ಟು ದೂರದಲ್ಲಿ ಕೂತು ಏನೇನೋ ಬರೆಯಲು ಅವನಿಗೇನು ಕಷ್ಟ? ಒಂದೆರಡು ನಿಮಿಷ ಅವನಿಗೆ ಶಾಪ ಹಾಕುತ್ತಲೇ ನಿಂತಿದ್ದೆ. ಕಿಟಕಿಯ ಗಾಜಿನಿಂದ ಒಳಗೆ ಸರ್ವರು ಕಾಣುತ್ತಿತ್ತು. ಅದರ ಮುಂದೆ ಈಗ ಯಾರೂ ಇಲ್ಲ. ಪರದೆಯ ಮೇಲೆ ಮತ್ತೆ ಗಣಪತಿ ಬಂದ, ಆರತಿ ತಿರುಗಿತು. ನಾನು ಸುಮ್ಮನೆ ಅದನ್ನೇ ನೋಡುತ್ತಿದ್ದೆ. ಎಷ್ಟು ನಯವಾಗಿ ತಿರುಗುತ್ತಿದೆ, ದೀಪದ ಕುಡಿ ಸಹ ಅಲುಗುತ್ತಿದೆ, ಎಂಥ ಕೈಕೆಲಸ ಇವಳದ್ದು ಎಂದುಕೊಂಡೆ. ಹಾಗೆ ಅಂದುಕೊಂಡದ್ದೇ ತಡ, ಮೈಯೆಲ್ಲ ಜುಂ ಎಂದಿತು.

"ಆ ಆರತಿ ಎತ್ತುತ್ತಾ ಇರೋದು ಯಾರೇ?" ಎಂದು ಅವಳನ್ನು ಹಿಡಿದು ಅಲುಗಾಡಿಸಿದೆ.

ಅವಳು ತಿರುಗಿ ನೋಡಿದಳು. ಅವಳಿಗೆ ನಾನು ಎರಡನೇ ಸಲ ಹೇಳಬೇಕಾಗಲಿಲ್ಲ. "ಅಯ್ಯೋ ನಮ್ಮಪ್ಪಾ!" ಎಂದು ಬಾಯಿ ಮೇಲೆ ಕೈಯಿಟ್ಟುಕೊಂಡಳು. "ಪ್ರೊಸೆಸರ್ರ ಎತ್ತಾಕತ್ತೈತಿ!"

ಅಷ್ಟೇ! ಗಣಪತಿಯೂ ಒಂದು ಪ್ರೋಗ್ರಾಮು. ಕೋಣೆಯಲ್ಲಿದ್ದ ಅಷ್ಟು ಜನವೂ ಅವನನ್ನು ಕಣ್ಣಾರೆ ನೋಡಿದ್ದೆವು, ಬರೆದವಳೇ ಎದುರಿಗಿದ್ದಳು, ಆದರೂ ಒಬ್ಬರಿಗೂ ಹೊಳೆಯಲಿಲ್ಲ. ದೇವರು ಕಂಡ ಎಂದು ಕೈಮುಗಿದೆವೇ ಹೊರತು ಪ್ರೊಸೆಸರಿಗೆ ಕೆಲಸ ಬಂತು ಎಂದುಕೊಳ್ಳಲಿಲ್ಲ. ಯಂತ್ರ ಖಾಲಿ ಕೂತಿದೆ ಎಂದು ನಾವು ಲೆಕ್ಕ ಹಿಡಿದಾಗ ಅದು ಮೈಮುರಿದು ಆರತಿ ಎತ್ತುತ್ತಿತ್ತು. ಗೆಳತಿ ಬಂದು ಕೀಲಿಮಣೆ ಮುಟ್ಟಿದ್ದೇ ಗಣಪತಿ ಮಾಯ, ಎಣಿಸುವ ಪ್ರೋಗ್ರಾಮಿಗೆ ಹೆಚ್ಚು ಹೊತ್ತು ಸಿಕ್ಕಿತು.

ನಾವು ಒಳಗೆ ನುಗ್ಗಿದ ಹೊಡೆತಕ್ಕೆ ಬಾಗಿಲು ಗೋಡೆಗೆ ಬಡಿಯಿತು. ನಾನು ಒಂದೇ ಉಸಿರಿಗೆ ಹೇಳಿದೆ. ಇಂಜಿನಿಯರ್ ಅರ್ಧ ಎಳೆದ ಜಿಪ್ಪನ್ನು ಅಲ್ಲಿಗೇ ಬಿಟ್ಟ. ಆದರೆ ಈಗ ಬೇರೆ ಪೇಚು ಎದುರಾಯಿತು. ಗಣಪತಿಯನ್ನು ತೆಗೆಯಬೇಕು. ತೆಗೆಯುವವರು ಯಾರು? ಗುಮಾಸ್ತರು ಬೆಳಿಗ್ಗೆ ಬಂದು ಮೊದಲು ಅವನಿಗೆ ಕೈಮುಗಿದೇ ಕೆಲಸ ಶುರುಮಾಡುತ್ತಿದ್ದರು. ಗೆಳತಿ ನನ್ನ ಮುಖ ನೋಡಿದಳು, ನಾನು ಇಂಜಿನಿಯರನ ಮುಖ ನೋಡಿದೆ, ಅವನು ಚಾವಣಿ ನೋಡಿದ.

ಕೊನೆಗೆ ದಾರಿ ತೋರಿದವರು ಮ್ಯಾನೇಜರರೇ. "ತೆಗೆಯದೆಂತಕ್ಕೆ? ಬೇರೆ ಕಡೆಗೆ ಕರ್ಕಂಡು ಹೋಗನ," ಎಂದರು. "ಯನ್ನ ಟೇಬಲ್ಲಿನ ಕಂಪ್ಯೂಟರಿಗೆ ಹಾಕು. ಅದಕ್ಕೆ ಹೆಂಗೂ ಕೆಲಸ ಇಲ್ಲೆ." ನನ್ನ ಗೆಳತಿ ಫ್ಲಾಪಿಯಲ್ಲಿ ಗಣಪತಿಯನ್ನು ತುಂಬಿಕೊಂಡು ಹೊರಟಾಗ ಅವರು ಚಪ್ಪಲಿ ಬಾಗಿಲಲ್ಲಿ ಬಿಟ್ಟು ಹಿಂದೆಯೇ ನಡೆದರು. ಅವರ ಕಂಪ್ಯೂಟರಿನಲ್ಲಿ ಆರತಿ ತಿರುಗಲು ಶುರುವಾದ ಮೇಲೆಯೇ ಸರ್ವರಿನಲ್ಲಿ ಆರಿಸಲು ಬಿಟ್ಟರು.

ಮತ್ತೆ ಮೊದಲಿಂದ. ಖಾಲಿ ಯಂತ್ರದ ಎಣಿಕೆ ತೆಗೆದರೆ, ಅಬ್ಬಾ, ಹಿಂದಿನದರ ಇಪ್ಪತ್ತು ಪಟ್ಟು! ಆಗ ಹುಡುಗಿಯರಿಗೆ ಕೈಬೀಸಿದೆ. ಹತ್ತು ಕೀಲಿಮಣೆಗಳು ಪಟಪಟ ಎಂದವು. ನಾವು ನಾಲ್ವರೂ ಸರ್ವರಿನ ಪರದೆಗೆ ಮೂಗು ತಾಗಿಸಿಕೊಂಡು ನಿಂತಿದ್ದೆವು. ಎಣಿಕೆ ಇಳಿಯಿತು. ಅರ್ಧಕ್ಕೆ ಬಂತು, ಅಲ್ಲಿ ನಿಲ್ಲಲಿಲ್ಲ, ಕಾಲಿಗೆ ಬಂತು, ಇನ್ನೂ ಇಳಿದು ತಳ ಹಿಡಿಯಿತು. ಪಕ್ಕದಲ್ಲೇ ತೆರೆದಿಟ್ಟಿದ್ದ ಮೀಟರು ಇನ್ನೂ ಏಳು ಎಂಟು ಎನ್ನುತ್ತಲೇ ಇತ್ತು. ನಮ್ಮ ಲೆಕ್ಕದ ಪ್ರಕಾರ ಪ್ರೊಸೆಸರಿನ ಹತ್ತು ಪಾಲಿನಲ್ಲಿ ಒಂಬತ್ತಕ್ಕೂ ಹೆಚ್ಚು ಪಾಲನ್ನು ಯಾರೋ ತಿಂದು ಮುಗಿಸಿದ್ದರು.

"ಇದು ಹೆಂಗ್ರೀ?" ಎಂದ ಇಂಜಿನಿಯರ್. ಅವನ ದನಿಯೇ ಬೇರೆಯಾಗಿತ್ತು. ಮರುಕ್ಷಣ ಸರ್ವರಿನ ಹಿಂದೆ ಬಗ್ಗಿ ನೆಟ್‌ವರ್ಕಿನ ಕೇಬಲ್ಲನ್ನು ಎಳೆದುಬಿಟ್ಟ. ಎಣಿಕೆ ಚಂಗನೆ ಮೇಲೆ ಹಾರಿತು! ಮತ್ತೆ ಚುಚ್ಚಿದ. ಸ್ವಲ್ಪ ಹೊತ್ತಿಗೆ ಧೊಪ್ಪನೆ ಬಿತ್ತು. ಎಳೆದ, ಹಾರಿತು. ಚುಚ್ಚಿದ, ಬಿತ್ತು. ಹೊಸ ಸ್ವಿಚ್ಚು ಸಿಕ್ಕ ಮಗುವಿನ ಹಾಗೆ ಅವನು ಅದನ್ನೇ ಮಾಡುತ್ತಿದ್ದ, ನಾವು ಪ್ರತಿ ಸಲವೂ ಹೋ ಎನ್ನುತ್ತಿದ್ದೆವು, ಮ್ಯಾನೇಜರರು ಎಲ್ಲರಿಗಿಂತ ಜೋರಾಗಿ.

"ಸರ್," ಎಂದ ಅವನು ಕೊನೆಗೆ, ಬೆವರು ಒರೆಸಿಕೊಂಡು. "ಮೇಡಮ್ಮಾರ ಪ್ರೋಗ್ರಾಮಿಂದ ಏನೂ ತಪ್ಪಿಲ್ರೀ. ನಾವ್ ಹಾಕಿದ್ದ ಕಾರ್ಡ ಅಗ್ಗದ್ದು. ಸಣ್ಣ ಸಣ್ಣದಕ್ಕೂ ಪ್ರೊಸೆಸರನ್ನ ಎಬ್ಬಸ್ತೈತಿ. ಬೇರೆ ಕಾರ್ಡ್ ಕಳಸ್ತೇನ್ರಿ." ಹಾಗೆಂದು ತಾನೇ ಒಪ್ಪಿಕೊಂಡ ಅವನ ಮೇಲೆ ನನಗೆ ಎಂದಿಲ್ಲದ ಗೌರವ ಬಂತು. ಹೋಗುವಾಗ ಎಣಿಸುವ ಪ್ರೋಗ್ರಾಮನ್ನು ಫ್ಲಾಪಿಯಲ್ಲಿ ಕೇಳಿ ತೆಗೆದುಕೊಂಡು ಹೋದ.

ಮ್ಯಾನೇಜರರು ಮಾತ್ರ ಮಾತು ಬದಲಿಸಲಿಲ್ಲ. "ಎಲ್ಲ ಚೊಲೊ ಆತು. ಆದ್ರೆ ಬೆಳೆಗಾರರಿಗೆ ಎಣಿಕೆ ತೋರ್ಸಲೆ ಬತ್ತಿಲ್ಲೆ. ಸೋಮವಾರ ನೋಡನ," ಎಂದರು. ಅಂದರೆ ಗೆಳತಿಯ ಕುತ್ತಿಗೆಯ ಮೇಲಿನ ಕತ್ತಿ ಇನ್ನೂ ಅಲ್ಲೇ ಇತ್ತು.

ಕಾರ್ಡು ಸೋಮವಾರ ಬೆಳಿಗ್ಗೆ ಹುಬ್ಬಳ್ಳಿ ಬಸ್ಸಿನಲ್ಲಿ, ಕಂಡಕ್ಟರನ ಕೈಯಲ್ಲಿ ಬರಬೇಕಿತ್ತು. ರೈಲಿಲ್ಲದ ಊರಿಗೆ ಔಷಧಿಯಿಂದ ಹಿಡಿದು ಲಗ್ನಪತ್ರಿಕೆವರೆಗೆ ಎಲ್ಲ ಬರುವುದು ಹಾಗೆಯೇ. ನಾನು ಬಸ್ ಸ್ಟ್ಯಾಂಡಿನಲ್ಲಿ ಕಾದೆ. ಮುಂಡಗೋಡದ ಮೇಲೆ ಬರುವ ಬಸ್ಸು ಬಂತು, ಅದರಲ್ಲಿ ಇರಲಿಲ್ಲ. ಆಮೇಲೆ ಯಲ್ಲಾಪುರದ ಮೇಲೆ ಸುತ್ತಿ ಬರುವ ಬಸ್ಸು ಬಂದು ನಿಲ್ಲುವ ಮೊದಲೇ ನಾನು ಮುಂದಿನ ಬಾಗಿಲಿಗೆ ಜೋತುಬಿದ್ದೆ. "ಅಲ್ರೀ ಇಳಿಯೋರಿಗೆ ಜಾಗ ಬಿಡ್ರೀ!" ಎಂದು ಕಂಡಕ್ಟರ್ ರೇಗಿದ. ಆಮೇಲೆ ಪೊಟ್ಟಣ ಕೊಟ್ಟ. ರಟ್ಟಿನ ಪುಟ್ಟ ಪೆಟ್ಟಿಗೆ, ಅಂಗೈ ಅಗಲದ್ದು. ಅದನ್ನು ಎದೆಗೊತ್ತಿಕೊಂಡು ಆಟೋ ಹತ್ತಿದೆ. ದಾರಿಯಲ್ಲಿ ಒಂದು ದನ ಅಡ್ಡ ಮಲಗಿತ್ತು. ಅದಕ್ಕೂ ನನ್ನ ಬಾಯಿಂದ ಬೈಗುಳ ಸಿಕ್ಕಿತು.

ಗೆಳತಿ ಸರ್ವರಿನ ಮುಚ್ಚಳ ಬಿಚ್ಚಿಟ್ಟುಕೊಂಡೇ ಕಾಯುತ್ತಿದ್ದಳು. ಹಳೆಯ ಕಾರ್ಡು ತೆಗೆದು ಹೊಸತನ್ನು ಒತ್ತಿ ಕೂರಿಸಿದಳು. ಹಾಲಿನಲ್ಲಿ ಆಗಲೇ ವ್ಯಾಪಾರಿಗಳು ಗುಪ್ಪೆಗಳ ನಡುವೆ ಓಡಾಡುತ್ತಿದ್ದರು, ಅಡಿಕೆ ಒಡೆಯುವ ಟಕಟಕ ಕೇಳುತ್ತಿತ್ತು. ಯಂತ್ರ ಶುರುವಾಗಿ ಹತ್ತು ಪರದೆಗಳೂ ಹೊತ್ತಿಕೊಳ್ಳುವುದಕ್ಕೂ, ಹೊರಗೆ ಎಲ್ಲರೂ ಡಬ್ಬಿಯ ಹತ್ತಿರ ನೂಕುನುಗ್ಗಲು ಮಾಡುವುದಕ್ಕೂ ಸರಿಹೋಯಿತು. ಗಂಟೆ ಹೊಡೆಯಿತು.

ಚೀಟಿಗಳು ಬಂದವು. ಗುಮಾಸ್ತರು ಅನುಮಾನದಿಂದಲೇ ಮೊದಲ ಕೀಲಿ ಒತ್ತಿದರು. ಅಕ್ಷರ ಬಂತು. ಎರಡನೆಯದು ಒತ್ತಿದರು, ಬಂತು. ಮೂಲೆಯಲ್ಲಿದ್ದ ಹಿರಿಯ ಗುಮಾಸ್ತರೊಬ್ಬರು ತಲೆಯೆತ್ತಿ ನಮ್ಮ ಕಡೆ ನೋಡಿ ಹಲ್ಲುಬಿಟ್ಟರು, ಮತ್ತೆ ತಲೆ ತಗ್ಗಿಸಿ ಬಡಿಯತೊಡಗಿದರು. ಹತ್ತೂ ಕಡೆಯಿಂದ ಪಟಪಟ, ಪಟಪಟ, ಎಲ್ಲೂ ತಡೆಯಿಲ್ಲ. ನಾನು ಗೆಳತಿಯ ಕೈಯನ್ನು ಎಷ್ಟು ಬಿಗಿಯಾಗಿ ಹಿಡಿದಿದ್ದೆನೆಂದರೆ ಅವಳ ಬಳೆ ನನ್ನ ಅಂಗೈಗೆ ಒತ್ತುತ್ತಿತ್ತು. ಕೊನೆಯ ಚೀಟಿ ಮುಗಿಯಿತು. ಅವಳು ಒಂದು ಕೀಲಿ ಒತ್ತಿದಳು. ಪ್ರಿಂಟರು ಕರಕರ ಎಂದು ಫಲಿತಾಂಶ ಹೊರಗೆ ಉಗುಳಿತು. ಹಾಲಿನಲ್ಲಿ ದರ ಓದಿ ಹೇಳುವ ಮೈಕಿನವರು ಕಾಗದ ಹರಿದುಕೊಂಡು ಅಲ್ಲಿಗೆ ಓಡಿದರು, ನಾವು ಅವರ ಹಿಂದೆ.

ಹಾಲಿನಲ್ಲಿ ಬೆಳೆಗಾರರು ತಮ್ಮ ಗುಪ್ಪೆಗಳ ಹತ್ತಿರ ಕುಳಿತಿದ್ದರು. ವ್ಯಾಪಾರಿ ಎನ್ನುವವನು ಒಬ್ಬನೂ ಇರಲಿಲ್ಲ! ಗಂಟೆ ಹೊಡೆದ ಮೇಲೆ ಫಲಿತಾಂಶಕ್ಕೆ ಇನ್ನು ಎಷ್ಟು ಹೊತ್ತೋ ಎಂದು ಎಲ್ಲರೂ ಸಾಲಾಗಿ ಎದುರಿನ ಕ್ಯಾಂಟೀನಿಗೆ ಚಾ ಕುಡಿಯಲು ಹೋಗಿಬಿಟ್ಟಿದ್ದರು. ಮ್ಯಾನೇಜರರೂ ಅವರ ಜೊತೆಗೇ ಹೋಗಿದ್ದರು. ಮೈಕಿನವರು ಕಾಗದ ಹಿಡಿದುಕೊಂಡು ಬೆಪ್ಪಾಗಿ ನಿಂತರು, ಯಾರಿಗೆ ಓದುವುದು?

ನಾನು ಇನ್ನೂ ಏನು ಮಾಡುವುದು ಎಂದು ನೋಡುತ್ತಿರುವಾಗಲೇ ನನ್ನ ಪಕ್ಕದಿಂದ ಗೆಳತಿ ಓಡಿದಳು. ಸೆರಗು ಸೊಂಟಕ್ಕೆ ಸಿಕ್ಕಿಸಿ, ಗುಪ್ಪೆಗಳ ನಡುವೆ ಹಾರಿ, ರಸ್ತೆ ದಾಟಿ, ಕ್ಯಾಂಟೀನಿನ ಬಾಗಿಲಲ್ಲಿ ನಿಂತು ಕೂಗಿದಳು. ಹಿಂದಿನ ಬೆಂಚಿಗೂ ಕೇಳದ ದನಿಯವಳು, ಅಷ್ಟು ಜನ ಗಂಡಸರ ಎದುರು, ಬೀದಿಯೆಲ್ಲ ಕೇಳುವ ಹಾಗೆ.

"ಬರ್ರೀ! ಎಲ್ಲಾರೂ ಬರ್ರೀ! ರೇಟು ಬಂದೈತಿ!"

ದಪ್ಪ ಮೀಸೆಯ ಒಬ್ಬ ವ್ಯಾಪಾರಿ ನಂಬದೆ ಹೇಳಿದ: "ಎಂತ ತಮಾಷೆ ಮಾಡ್ತೆ ತಂಗಿ? ಚಾ ಇನ್ನೂ ಸುಡ್ತಾ ಇದ್ದು."

ಅವನ ಪಕ್ಕದಲ್ಲಿ ಕುಳಿತಿದ್ದ ಮ್ಯಾನೇಜರರು ತಮ್ಮ ಲೋಟದ ಮೇಲೆ ಬೆರಳಿಟ್ಟು ನೋಡಿದರು, ಚುರುಕ್ಕೆಂದು ಹಿಂದೆ ಎಳೆದುಕೊಂಡರು. ಅವಳ ಮುಖ ನೋಡಿದರು. ಏದುಸಿರು ಬಿಡುತ್ತಿದ್ದಳು, ಕಣ್ಣಲ್ಲಿ ನೀರಿತ್ತು, ಅದನ್ನು ಒರೆಸಿಕೊಳ್ಳುವ ಧ್ಯಾಸವೂ ಇರಲಿಲ್ಲ. ಅವರು ಎದ್ದು, ತಾವು ಕೂತಿದ್ದ ಕುರ್ಚಿಯನ್ನು ಅವಳ ಕಡೆ ಎಳೆದು, ಇನ್ನೂ ಬಾಯಿಗೆ ತಾಗಿಸದ ತಮ್ಮ ಚಾವನ್ನು ಅವಳ ಮುಂದೆ ಸರಿಸಿದರು.

"ಕೂತ್ಕ ತಂಗಿ, ಇದು ನೀ ಕುಡಿ," ಎಂದರು. "ಆನು ಹುಬ್ಬಳ್ಳಿಗೆ ಫೋನ್ ಮಾಡಿ, ಬೇರೆ ಪ್ರೋಗ್ರಾಮ್ ಎಂತದೂ ಬೇಡ ಹೇಳಿಕ್ಕೆ ಬತ್ತೆ."